ಮುಳುಗಡೆ ಲೆಕ್ಕದಾಗ ಹಳೇ ಸಾಲಿ ಯಾರ ಪಾಲು?

ಬಾಗಲಕೋಟೆ: ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ಬಂದಾಗಲೆಲ್ಲ ಹಳೇ ಬಾಗಲಕೋಟೆ ಪ್ಯಾಟ್ಯಾಗ ಏಳುವ ಪ್ರಶ್ನೆ ಒಂದೇ: ನಮ್ಮ ಅಂಗಡಿ ಹೋಗ್ತದೋ, ಉಳೀತದೋ? 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ಒಪ್ಪಿತು. ಹೊಲದ ಲೆಕ್ಕ ಆಯ್ತು, ಮನಿ ಲೆಕ್ಕವೂ ಒಂದಿನ ಆದೀತು. ಊರಿನ ಹಳೇ ಸರಕಾರಿ ಸಾಲಿ ಕಟ್ಟಡಗಳ ಲೆಕ್ಕ ಕೇಳೋರು ಮಾತ್ರ ಕಾಣೋದಿಲ್ಲ.

ಈ ಭಾಗದ ಮೊದಲ ಸರಕಾರಿ ಸಾಲಿಗಳು ನಡೆದದ್ದು ಯಾರ ರೊಕ್ಕದಿಂದ ಅನ್ನೋದು ಮರೆತೇಹೋಗಿದೆ. ಮುಂಬಯಿ ಸರಕಾರದ ಶಿಕ್ಷಣ ಇಲಾಖೆ 1855ರಲ್ಲಿ ಶುರುವಾದಾಗ ಇಲ್ಲಿ ಮರಾಠಿಯದೇ ಜೋರು. ಡೆಪ್ಯುಟಿ ಚೆನ್ನಬಸಪ್ಪನಂಥವರು ಹಟ ಹಿಡಿದು ಕನ್ನಡ ಸಾಲಿ ತೆರೆಸಿದರು. 1860ರ ದಶಕದಲ್ಲಿ ‘ಲೋಕಲ್ ಫಂಡ್’ ಬಂತು. ಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆ ಹೆಚ್ಚಿಗಿ. ಅದರ ಮೂರನೇ ಒಂದು ಪಾಲು ಸಾಲಿಗೆ, ಉಳಿದದ್ದು ರಸ್ತೆಯಂಥ ಕೆಲಸಕ್ಕೆ. ನೂರು ರೂಪಾಯಿ ಕಂದಾಯ ಕಟ್ಟುವವ ಹೆಚ್ಚುಕಡಿಮೆ ಎರಡು ರೂಪಾಯಿ ಸಾಲಿಗೆ ಕೊಟ್ಟಂಗಾಯ್ತು. ಅಂದರ ದೊರಿ ದಾನ ಕೊಟ್ಟಿದ್ದಲ್ಲ, ಜೋಳ ಬೆಳೆಯೋರ ಗಂಟು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲ ಕಲಾದಗಿ ಜಿಲ್ಲೆಯವು. 1876ರಿಂದ 78ರ ಬರಗಾಲ ಈ ಜಿಲ್ಲೆಯನ್ನ ಹಣ್ಣುಗಾಯಿ ಮಾಡಿತು. ಅದರ ಮುಂದೂ ಸಾಲಿ ನಡೆದವು.

ಹಿನ್ನೀರು ಬಂದಾಗ ಏನೂ ಉಳಿಸಲು ಆಗೋದಿಲ್ಲ ಅನ್ನೋ ಮಾತು ಪೂರ್ತಿ ಖರೆ ಅಲ್ಲ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬಸವಣ್ಣನ ಐಕ್ಯ ಮಂಟಪದ ಸುತ್ತ ಬಾವಿಯಂಥ ಕಾಂಕ್ರೀಟ್ ಗೋಡೆ ಎಬ್ಬಿಸಿ ಉಳಿಸಿದ್ದಾರೆ. ಬಾದಾಮಿಯಲ್ಲಿ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟಂಗಿಲ್ಲ. ಪ್ರತಿ ಸಾಲಿಗೂ ಇಂಥ ಗೋಡೆ ಕಟ್ಟರಿ ಅಂತ ಯಾರೂ ಕೇಳೋದಿಲ್ಲ, ಕೇಳಲೂಬಾರದು. ಆದರೆ ಕಟ್ಟಡದ ಫೋಟೋ, ಅಳತೆ, ಗೋಡೆ ಮ್ಯಾಲಿನ ಕಲ್ಲಿನ ಬರಹ ದಾಖಲು ಮಾಡಲು ಎಷ್ಟು ಖರ್ಚು?

ಇನ್ನೊಂದು ಮಾತು ಅಂಗಡಿಕಾರರಿಗೂ ತಟ್ಟುವಂಥದ್ದು. ಮಗಳ ಜಾತಿ ಪ್ರಮಾಣಪತ್ರದ ಪರಿಶೀಲನೆ ಬಂದಾಗ ಅಪ್ಪ, ಅಜ್ಜನ ಸಾಲಿ ದಾಖಲಾತಿ ಉತಾರ ಕೇಳ್ತಾರ. ಜನ್ಮತಾರೀಖಿನ ತಕರಾರಿಗೂ ಅದೇ ಆಧಾರ. ಆ ರಜಿಸ್ಟರ್ ಇರೋದು ಇಂಥ ಹಳೇ ಸಾಲಿಗಳ ಕಟ್ಟಿಗಿ ಕಪಾಟಿನಾಗ. ಸಾಲಿ ನವನಗರಕ್ಕೋ, ಬೇರೆ ಸಾಲಿ ಜೋಡಿಗೋ ಹೋದಾಗ ಬೆಂಚು, ಬೋರ್ಡು ಲಾರಿ ಹತ್ತುತಾವು. ಹುಳ ಹತ್ತಿದ ರಜಿಸ್ಟರ್ ಹತ್ತುತಾವೋ ಇಲ್ಲೋ ನೋಡೋರು ಬೇಕು.

ಮನಿ ಸರ್ವೆಗೆ ಮಾಲೀಕ ಟೇಪಿನ ಜೋಡಿ ನಿಂತಿರ್ತಾನ. ಸಾಲಿ ಸರ್ವೆ ದಿನ ಅಲ್ಲಿ ನಿಲ್ಲಬೇಕಾದವರು ಎಸ್‌ಡಿಎಂಸಿಯವರು, ಅಲ್ಲೇ ಕಲಿತ ಓಣಿಯ ಹಿರಿಯರು. ರಜಿಸ್ಟರ್ ಸ್ಕ್ಯಾನ್ ಮಾಡಿಸಿ ಒಂದು ಪ್ರತಿ ಬಿಇಒ ಕಚೇರಿಗೆ, ಒಂದು ನಗರಸಭೆಗೆ ಕೊಡಿಸರಿ ಅಂತ ಅರ್ಜಿ ಬರೆಯಲು ನೀರು ಏರೋತನಕ ಕಾಯಬೇಕಾಗಿಲ್ಲ.