ಹಳ್ಳದ ದಂಡೆ ಕುಸಿಯುತ್ತಿದ್ದರೆ ತಡೆಗೋಡೆ ಕಟ್ಟಿದರೆ ಸಾಕೇ?

ಹಳ್ಳದ ದಂಡೆ ಕುಸಿಯುತ್ತಿದೆ ಎಂದರೆ ತಕ್ಷಣ ಹೊಳೆಯುವ ಪರಿಹಾರ ಕಲ್ಲಿನ ಅಥವಾ ಕಾಂಕ್ರೀಟಿನ ತಡೆಗೋಡೆ. ಗೋಡೆ ಕಟ್ಟಿದ ಜಾಗದಲ್ಲಿ ಮಣ್ಣು ನಿಲ್ಲುತ್ತದೆ, ನಿಜ. ಆದರೆ ನೀರಿನ ರಭಸ ತಗ್ಗುವುದಿಲ್ಲ. ಅದು ಹಳ್ಳದ ತಳವನ್ನೋ ಮುಂದಿನ ತಿರುವಿನ ದಂಡೆಯನ್ನೋ ಕೊರೆಯಬಹುದು. ಎಷ್ಟೋ ಹಳ್ಳಗಳಲ್ಲಿ ದಂಡೆ ಕುಸಿತ ರೋಗದ ಲಕ್ಷಣ ಮಾತ್ರ. ರೋಗ ಇರುವುದು ತಳದಲ್ಲಿ.

ತಳ ಆಳವಾದರೆ ಏನಾಗುತ್ತದೆ?

ಸುಸ್ಥಿತಿಯಲ್ಲಿರುವ ಹಳ್ಳದಲ್ಲಿ ನೆರೆ ಬಂದರೆ ನೀರು ದಂಡೆ ಮೀರಿ ಅಕ್ಕಪಕ್ಕದ ಬಯಲಿಗೆ ಹರಡುತ್ತದೆ. ಆಗ ವೇಗ ಕಡಿಮೆಯಾಗಿ, ಹೊತ್ತು ತಂದ ಮಣ್ಣು ಅಲ್ಲೇ ಕೂರುತ್ತದೆ, ನೀರು ಇಂಗುತ್ತದೆ. ತಳ ಕೊರೆದು ಹಳ್ಳ ಕಂದಕದಂತಾದರೆ, ನೆರೆಯೆಲ್ಲ ಅದರೊಳಗೇ ನುಗ್ಗಿ ಇನ್ನಷ್ಟು ಕೊರೆಯುತ್ತದೆ. ಪಕ್ಕದ ಅಂತರ್ಜಲವೂ ಕೆಳಗಿಳಿಯುತ್ತದೆ. ಬೇರಿಗೆ ನೀರು ಎಟುಕದೆ ದಂಡೆಯ ಗಿಡಗಳು ಒಣಗುತ್ತವೆ. ಬೇರಿನ ಹಿಡಿತ ತಪ್ಪಿದ ದಂಡೆ ಜಾರುತ್ತದೆ. ನೆರಳಿಲ್ಲದೆ ನೀರು ಬಿಸಿಯಾಗುತ್ತದೆ, ಮೀನುಗಳು ತಂಗುವ ಮಡುಗಳು ಕಾಣೆಯಾಗುತ್ತವೆ.

ಬ್ರಿಡ್ಜ್ ಕ್ರೀಕ್‌ನಲ್ಲಿ ಮಾಡಿದ್ದೇನು?

ಅಮೆರಿಕದ ಆರೆಗಾನ್ ರಾಜ್ಯದ ಬ್ರಿಡ್ಜ್ ಕ್ರೀಕ್ ಹೀಗೆ ಕೊರೆದುಹೋಗಿದ್ದ ಹಳ್ಳ. ಸಮುದ್ರಕ್ಕೆ ಹೋಗಿ ಮೊಟ್ಟೆಯಿಡಲು ಮರಳುವ ಸ್ಟೀಲ್‌ಹೆಡ್ ಮೀನುಗಳ ಮರಿಗಳು ಇಲ್ಲಿ ಬೆಳೆಯುತ್ತವೆ. ಇಲಿ, ಅಳಿಲುಗಳ ಬಳಗದ ಬೀವರ್‌ಗಳೂ ಇಲ್ಲಿವೆ. ಕೊಂಬೆ, ಕೆಸರು ಸೇರಿಸಿ ಹಳ್ಳಕ್ಕೆ ಅಡ್ಡಲಾಗಿ ಕಟ್ಟೆ ಕಟ್ಟುವುದು ಅವುಗಳ ಸ್ವಭಾವ. ಆದರೆ ಕಂದಕದೊಳಗಿನ ರಭಸಕ್ಕೆ ಆ ಕಟ್ಟೆಗಳು ಬಹುಕಾಲ ಬಾಳುತ್ತಿರಲಿಲ್ಲ.

ಸಂಶೋಧಕರು 2009ರಿಂದ 2012ರವರೆಗೆ ಹಳ್ಳಕ್ಕೆ ಅಡ್ಡಲಾಗಿ ಮರದ ಗೂಟಗಳನ್ನು ಸಾಲಾಗಿ ಬಡಿದರು; ಹಲವೆಡೆ ಅವುಗಳ ನಡುವೆ ವಿಲೋ ಕೊಂಬೆಗಳನ್ನು ಹೆಣೆದರು. ಇಂಥ 121 ತಡೆಗಳು ಸಿದ್ಧವಾದವು. ಹಲವನ್ನು ಬೀವರ್‌ಗಳೇ ವಹಿಸಿಕೊಂಡು ಬಲಪಡಿಸಿದವು. ನೀರು ನಿಧಾನಿಸಿತು, ಹೂಳು ನಿಂತು ತಳ ಏರತೊಡಗಿತು, ಅಂತರ್ಜಲ ಮೇಲೆ ಬಂತು.

ಫಲಿತಾಂಶ 2016ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಥ ಕೆಲಸ ನಡೆಯದ ಇನ್ನೊಂದು ಹಳ್ಳದೊಂದಿಗೆ ಹೋಲಿಸಿದಾಗ, ಇಲ್ಲಿ ಸ್ಟೀಲ್‌ಹೆಡ್ ಮರಿಗಳು ಬದುಕುಳಿಯುವ ಪ್ರಮಾಣ ಶೇ. 52ರಷ್ಟು, ಅವುಗಳ ಒಟ್ಟು ಉತ್ಪಾದನೆ ಶೇ. 175ರಷ್ಟು ಹೆಚ್ಚಿತ್ತು.

ಕಟ್ಟೆಗಳು ಮೀನಿಗೆ ಅಡ್ಡಿಯಲ್ಲವೇ?

ದೊಡ್ಡ ಅಣೆಕಟ್ಟುಗಳ ವಿಷಯದಲ್ಲಿ ಈ ಆತಂಕ ಸರಿ. ಆದರೆ ಇವು ಗಿಡ್ಡ ತಡೆಗಳು. ನೀರು ಇವುಗಳ ಸಂದಿಯಿಂದ, ಮೇಲಿನಿಂದ, ಪಕ್ಕದಿಂದ ಹರಿಯುತ್ತಲೇ ಇರುತ್ತದೆ. ಮೀನುಗಳಿಗೆ ಪುಟ್ಟ ಗುರುತು ಸಾಧನಗಳನ್ನು ಅಳವಡಿಸಿ ಗಮನಿಸಿದಾಗ, ಅವುಗಳ ವಲಸೆಗೆ ಹೇಳಿಕೊಳ್ಳುವಂಥ ಅಡ್ಡಿ ಕಾಣಲಿಲ್ಲ. ನಿಂತ ನೀರು ಬಿಸಿಯಾಗಿ ಮೀನಿಗೆ ಕುತ್ತಾದೀತು ಎಂಬ ಶಂಕೆಯೂ ಇತ್ತು. ವಾಸ್ತವದಲ್ಲಿ ಹಗಲು ರಾತ್ರಿಗಳ ನಡುವಿನ ತಾಪಮಾನದ ಏರಿಳಿತ ಕಡಿಮೆಯಾಯಿತು.

ಎಲ್ಲ ಕಡೆಗೂ ಇದೇ ಮದ್ದೇ?

ಅಲ್ಲ. ದಂಡೆಗೆ ಅಂಟಿಕೊಂಡು ಮನೆ, ರಸ್ತೆಗಳಿದ್ದರೆ ನೀರನ್ನು ಹರಡಲು ಬಿಡುವಂತಿಲ್ಲ. ಅಲ್ಲಿ ಗೋಡೆ ಬೇಕಾಗಬಹುದು. ಗೂಟಗಳು ನೆರೆಗೆ ಕಿತ್ತುಹೋಗುವುದುಂಟು, ಆಗಾಗ ದುರಸ್ತಿ ಬೇಕು. ಬೀವರ್‌ಗಳು ಭಾರತದಲ್ಲಿ ಇಲ್ಲ, ಹಾಗಾಗಿ ಇದನ್ನು ಹಾಗೆಯೇ ನಕಲು ಮಾಡಲೂ ಆಗದು. ಆದರೆ ಯಾವುದೇ ಹಳ್ಳದ ಕಾಮಗಾರಿಗೆ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ನಾವು ದಂಡೆಯನ್ನಷ್ಟೇ ಗಟ್ಟಿ ಮಾಡುತ್ತಿದ್ದೇವೆಯೋ, ನೀರಿನ ವೇಗವನ್ನೂ ತಗ್ಗಿಸುತ್ತಿದ್ದೇವೆಯೋ?