ಅಂಕೆಗಳ ಹಾರ

ಅಂಕೆಗೆ ಭಾಷೆಯಿಲ್ಲ; ಹೀಗಿರುವಾಗ ಲೆಕ್ಕವನ್ನು ಕನ್ನಡದಲ್ಲಿ ಕಲಿತರೇನು, ಇಂಗ್ಲಿಷಿನಲ್ಲಿ ಕಲಿತರೇನು ಎಂದು ಮೇಲಿನ ತರಗತಿಯ ಮಕ್ಕಳು ಕೇಳುವುದುಂಟು. ಪ್ರಶ್ನೆಯು ಯೋಗ್ಯವಾದುದೇ. ಉತ್ತರವನ್ನು ಒಂದು ದೊಡ್ಡ ಸಂಖ್ಯೆಯ ಮೂಲಕವೇ ಹೇಳಬಯಸುತ್ತೇವೆ.

12345654321. ಎಂದರೆ, ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಅಂಕೆಗಳು ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತವೆ; ಯಾವ ಕಡೆಯಿಂದ ಓದಿದರೂ ಸಂಖ್ಯೆ ಒಂದೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇದು ಬಂದಿದೆ. 27994681ನ್ನು 441ರಿಂದ ಗುಣಿಸಿದರೆ ದೊರೆಯುವ ಲಬ್ಧವಿದು. ಇಂಥ ಗುಣಲಬ್ಧಗಳನ್ನು ಆಚಾರ್ಯನು ಕೊರಳ ಹಾರಕ್ಕೆ ಹೋಲಿಸಿದ್ದಾನೆ.

ಇಷ್ಟನ್ನೇ ಬಾಯಿಪಾಠ ಮಾಡಿದರೆ ಅದು ಚಮತ್ಕಾರವಾದೀತೇ ಹೊರತು ಗಣಿತವಾಗದು. ಕಾರಣವನ್ನು ಹುಡುಕಬೇಕು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 5291ನ್ನು 21ರಿಂದ ಗುಣಿಸಿರಿ, 111111 ಬರುತ್ತದೆ. ಆದುದರಿಂದ ನಮ್ಮ ಹಾರವು 111111ರ ವರ್ಗವಲ್ಲದೆ ಬೇರೆಯಲ್ಲ. ಈಗ 111111ನ್ನು ಅದರಿಂದಲೇ ಕಾಗದದ ಮೇಲೆ ಗುಣಿಸಿರಿ. ಪ್ರತಿಯೊಂದು ಸಾಲೂ ಒಂದು ಸ್ಥಾನ ಎಡಕ್ಕೆ ಸರಿಯುವುದರಿಂದ, ಬಲತುದಿಯ ಸ್ಥಾನದಲ್ಲಿ ಒಂದೇ 1, ಅದರ ಪಕ್ಕದಲ್ಲಿ ಎರಡು, ನಡುವೆ ಆರು, ಬಳಿಕ ಒಂದೊಂದಾಗಿ ಕಡಿಮೆ. ಯಾವ ಮೊತ್ತವೂ ಹತ್ತನ್ನು ಮುಟ್ಟದ ಕಾರಣ ಮುಂದಿನ ಸ್ಥಾನಕ್ಕೆ ಏನನ್ನೂ ಒಯ್ಯಬೇಕಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತು ಒಂದುಗಳನ್ನು ಬರೆದು ವರ್ಗ ಮಾಡಿದರೆ 1234567900987654321 ಬರುತ್ತದೆ, ಹಾರವು ಹರಿದುಹೋಗುತ್ತದೆ!

'ಆದುದರಿಂದ', 'ಏಕೆಂದರೆ' ಎನ್ನುವುದಕ್ಕೆ ಮಾತು ಬೇಕು. ಅಂಕೆಗೆ ಭಾಷೆಯಿಲ್ಲದಿರಬಹುದು, ಕಾರಣಕ್ಕೆ ಭಾಷೆಯುಂಟು. ಅದು ನಾವು ಯೋಚಿಸುವ ಭಾಷೆಯೇ ಆದರೆ ಕಾರಣವು ಮನಸ್ಸಿನಲ್ಲಿ ನೆಲೆಯಾಗಿ ನಿಲ್ಲುತ್ತದೆ.

ಈ ಮಾತನ್ನು ಹಿಂದಿನವರು ಬಲ್ಲರು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ರೈಲು ಗೋದಾವರಿಯನ್ನು ದಾಟುವ ರಾಜಮಹೇಂದ್ರವರವನ್ನು ನೀವು ಕಂಡಿರುವಿರಿ. 11ನೆಯ ಶತಮಾನದಲ್ಲಿ ಅಲ್ಲಿ ಆಳಿದ ರಾಜರಾಜ ನರೇಂದ್ರನ ಕಾಲದವನೆಂದು ಪ್ರತೀತಿಯಿರುವ ಪಾವುಲೂರಿ ಮಲ್ಲನನು ಮಹಾವೀರನ ಸಂಸ್ಕೃತ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡದಲ್ಲಿ 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಬರೆದನು. ಲೆಕ್ಕಕ್ಕೆ ದೇಶಭಾಷೆ ಸಾಲದೆಂದು ಇವರು ಭಾವಿಸಲಿಲ್ಲ.

ಉದ್ಯೋಗಕ್ಕಾಗಿ ಈ ನಾಡಿಗೆ ಬಂದ ನಮ್ಮ ಮನೆಗಳಲ್ಲಿ ಕನ್ನಡವು ಊಟ ಉಪಚಾರದ ಮಾತಿಗಷ್ಟೇ ಉಳಿಯುವ ಭಯವುಂಟು. ನೆರೆಯವರ ತೆಲುಗನ್ನು ಪ್ರೀತಿಯಿಂದ ಕಲಿಯಿರಿ, ಇಂಗ್ಲಿಷನ್ನೂ ಕಲಿಯಿರಿ. ಆದರೆ ಪುಸ್ತಕವನ್ನು ಮುಚ್ಚುವ ಮೊದಲು, ಮಾಡಿದ ಲೆಕ್ಕದ ಕಾರಣವನ್ನು ಒಂದು ಕನ್ನಡ ವಾಕ್ಯದಲ್ಲಿ ಹೇಳಿಕೊಳ್ಳಿರಿ. ಹೇಳಲು ಬಾರದಿದ್ದರೆ, ಉತ್ತರ ಸರಿಯಿದ್ದರೂ ಲೆಕ್ಕ ಮುಗಿದಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ಅದೇ ಗ್ರಂಥದ ಇನ್ನೊಂದು ಹಾರ ಇಲ್ಲಿದೆ: 152207ನ್ನು 73ರಿಂದ ಗುಣಿಸಿರಿ. ಬಂದುದನ್ನು ನೋಡಿ ಬೆರಗಾಗಿರಿ. ಬಳಿಕ, ಏಕೆ ಎಂದು ಕೇಳಿರಿ.