ಲಾಠಿಗಿಂತ ಮೊದಲಿನ ಮಾತು

ಪೊಲೀಸರ ಬಲಪ್ರಯೋಗದ ವಿಚಾರ ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ. ಒಂದಕ್ಕೆ ಲಾಠಿ ಎತ್ತಿದ್ದೆಲ್ಲ ಅನ್ಯಾಯ. ಇನ್ನೊಂದಕ್ಕೆ ಲಾಠಿ ಎತ್ತದಿರುವುದೇ ದೌರ್ಬಲ್ಯ. ಉದ್ರಿಕ್ತರನ್ನು ಶಾಂತಗೊಳಿಸುವುದೂ ಒಂದು ವಿದ್ಯೆ, ಕಲಿಸಿದರೆ ಬರುವ ವಿದ್ಯೆ, ಎಂಬ ಸಂಗತಿ ಈ ಗದ್ದಲದಲ್ಲಿ ಮರೆಯಾಗುತ್ತದೆ.

1938ರ ಏಪ್ರಿಲ್ ತಿಂಗಳನ್ನು ವಾಚಕರು ನೆನೆಯಬೇಕು. ಮೈಸೂರು ಸಂಸ್ಥಾನದ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರು ನಿಷೇಧಾಜ್ಞೆಯನ್ನು ಮೀರಿ ತ್ರಿವರ್ಣ ಧ್ವಜವನ್ನು ಏರಿಸಲು ಮುಂದಾದರು. ಅವರನ್ನು ಬಂಧಿಸಲಾಯಿತು, ಅನಂತರ ಮುಂದೆ ಬಂದವರನ್ನೂ ಒಬ್ಬೊಬ್ಬರನ್ನಾಗಿ ಬಂಧಿಸಲಾಯಿತು. ಸಾವಿರಾರು ಜನ ನೆರೆದಿದ್ದರೂ ಗುಂಡು ಹಾರಲಿಲ್ಲ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಅದೇ ಧ್ವಜ, ಅದೇ ಸರ್ಕಾರ. ಆದರೆ ಅಲ್ಲಿ ಬಂದೂಕು ಮಾತನಾಡಿತು. ಮಡಿದವರು ಸರ್ಕಾರದ ಲೆಕ್ಕದಲ್ಲಿ 10, ಜನರ ಲೆಕ್ಕದಲ್ಲಿ 32. ಎರಡೂ ಕಡೆ ಕಾನೂನು ಒಂದೇ ಆಗಿತ್ತು; ಅದನ್ನು ನಡೆಸಿದ ಕೈಗಳು ಬೇರೆಯಾಗಿದ್ದವು.

ಪರಕೀಯರ ಕಾಲದ ಕಥೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ಹೊರೆಯನ್ನು ವಿರೋಧಿಸಿ ನೆರೆದಾಗ ನರಗುಂದ, ನವಲಗುಂದಗಳಲ್ಲಿ ರೈತರು ಗುಂಡಿಗೆ ಬಲಿಯಾದರು. ನರಗುಂದದಲ್ಲಿ ಕೆರಳಿದ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ತೆತ್ತರು. ತಾಳ್ಮೆಯು ಜನರಿಗೆ ತೋರಿಸುವ ಔದಾರ್ಯ ಮಾತ್ರವೆಂದು ಭಾವಿಸುವ ಅಧಿಕಾರಿಗಳು ಈ ದಿನವನ್ನು ಮರೆಯಬಾರದು.

ನಮ್ಮ ಕಾನೂನು ಏನು ಹೇಳುತ್ತದೆ? 1973ರ ದಂಡ ಪ್ರಕ್ರಿಯಾ ಸಂಹಿತೆಯ 129ನೆಯ ಕಲಮು, ಅದರ ಸ್ಥಾನದಲ್ಲಿ 2024ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೆಯ ಕಲಮು, ಎರಡೂ ಒಂದೇ ಕ್ರಮವನ್ನು ವಿಧಿಸುತ್ತವೆ: ಮೊದಲು ಚದುರುವಂತೆ ಆಜ್ಞೆ, ಕೇಳದಿದ್ದರೆ ಬಲ. ಆಜ್ಞೆಗೂ ಬಲಕ್ಕೂ ನಡುವೆ ಇರುವ ಆ ಹತ್ತು ನಿಮಿಷಗಳಲ್ಲಿ ಏನು ಮಾಡಬೇಕೆಂಬುದನ್ನು ಈ ಕಲಮುಗಳು ಹೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಸಕಲ ಅನರ್ಥವೂ ಸಕಲ ಕೌಶಲವೂ ಆ ನಡುವಿನ ಹೊತ್ತಿನಲ್ಲೇ ಅಡಗಿವೆ.

ಅನ್ಯ ದೇಶಗಳು ಆ ಹೊತ್ತನ್ನು ಬೇರೆ ಬೇರೆ ರೀತಿಯಲ್ಲಿ ತುಂಬಿವೆ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಕಟ್ಟಿದ ಪೊಲೀಸ್ ವ್ಯವಸ್ಥೆಯ ಪರಂಪರೆಯಂತೆ ಇಂಗ್ಲೆಂಡ್, ಸ್ಕಾಟ್‌ಲೆಂಡ್‌ಗಳ ಸಾಮಾನ್ಯ ಪೇದೆ ಇಂದಿಗೂ ಬಂದೂಕಿಲ್ಲದೆ ಬೀದಿಗಿಳಿಯುತ್ತಾನೆ. ಚಾಕು ಹಿಡಿದವನ ಎದುರು ಅವನಿಗಿರುವ ಮುಖ್ಯ ಸಾಧನಗಳು ದೂರ, ಸಮಯ ಮತ್ತು ಮಾತು. ಅಮೆರಿಕೆಯಲ್ಲಿ ಹಾಗಲ್ಲ. ಅಲ್ಲಿ ಮನೆಮನೆಗಳಲ್ಲಿ ಬಂದೂಕುಗಳಿರುವುದರಿಂದ ಪೊಲೀಸನ ಕೈ ಬೇಗ ಸೊಂಟಕ್ಕೆ ಹೋಗುತ್ತದೆ. ಓಡಿಹೋಗುವ ನಿರಪಾಯ ಆರೋಪಿಯನ್ನು ಗುಂಡಿಟ್ಟು ತಡೆಯಬಾರದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1985ರಷ್ಟು ತಡವಾಗಿ. ಆದರೂ ಮಾನಸಿಕ ಅಸ್ವಸ್ಥರೊಡನೆ ವ್ಯವಹರಿಸುವ ವಿಶೇಷ ಶಿಕ್ಷಣ 1988ರಲ್ಲಿ ಆರಂಭವಾದದ್ದು ಅಲ್ಲಿಯದೇ ಮೆಂಫಿಸ್ ನಗರದಲ್ಲಿ; 2015ರಲ್ಲಿ ಅಮೆರಿಕೆಯ ಪೊಲೀಸ್ ಅಧಿಕಾರಿಗಳೇ ಕಲಿಯಲೆಂದು ಸ್ಕಾಟ್‌ಲೆಂಡಿಗೆ ಹೋದರು. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಸತ್ತದ್ದನ್ನು ನೋಡಿದರೆ, ಕೆಲವರು ಕಲಿತ ಮಾತ್ರಕ್ಕೆ ಇಲಾಖೆ ಕಲಿತಂತಾಗುವುದಿಲ್ಲ ಎಂಬುದೂ ಸ್ಪಷ್ಟ.

ನಮ್ಮಲ್ಲಿ ಈ ವಿದ್ಯೆ ಇಲ್ಲವೇ ಇಲ್ಲವೆಂದು ಹೇಳಲಾರೆ. 1993ರ ಗಲಭೆಗಳ ಕಹಿಯನ್ನು ಉಂಡ ಭಟ್ಕಳದ ಕಡೆ, ಗಣೇಶೋತ್ಸವ, ಈದ್‌ಗಳ ಮುನ್ನ ಎಲ್ಲ ಸಮುದಾಯಗಳ ಹಿರಿಯರನ್ನು ಕೂಡಿಸುವ ಶಾಂತಿ ಸಭೆ ಈ ವಿದ್ಯೆಯೇ. ಚಹಾ ಕುಡಿದು ಎದ್ದುಬರುವ ಸಭೆಯೆಂದು ಹಾಸ್ಯ ಮಾಡುವವರುಂಟು. ಆ ಚಹಾದ ಬೆಲೆ ಕರ್ಫ್ಯೂವಿನ ಒಂದು ದಿನದ ನಷ್ಟಕ್ಕಿಂತ ಎಷ್ಟು ಕಡಿಮೆಯೆಂಬುದು ಪೇಟೆಯ ಅಂಗಡಿಕಾರರಿಗೆ ಗೊತ್ತು.

ಕೊರತೆಯಿರುವುದು ಸಭೆಯ ಹೊರಗೆ. ಜಾಲಿಯ ರಸ್ತೆಯಲ್ಲಿ ಕನ್ನಡದ ಜೊತೆಗೆ ಕೊಂಕಣಿ ಕೇಳುತ್ತದೆ, ನವಾಯತಿ ಕೇಳುತ್ತದೆ. ಬಂದೋಬಸ್ತಿಗೆಂದು ದೂರದ ಜಿಲ್ಲೆಯಿಂದ ಬರುವ ಮೀಸಲು ಪಡೆಯ ಪೇದೆಗೆ ಈ ಮಾತುಗಳು ತಿಳಿಯವು. ಊಟ ನಿದ್ರೆಗಳ ನೇಮವಿಲ್ಲದೆ ಬಿಸಿಲಿನಲ್ಲಿ ನಿಂತ ಅವನಿಗೆ ಎದುರಿನವರ ಏರುದನಿ ಬೈಗುಳವೋ ಬೇಡಿಕೆಯೋ ತಿಳಿಯದೆ, ಕೈಯಲ್ಲಿರುವ ಲಾಠಿಯೊಂದೇ ಭಾಷೆಯಾಗುತ್ತದೆ. ಲಾಠಿಯ ಕವಾಯತಿಗೆ ಕೊಡುವಷ್ಟು ಗಂಟೆಗಳನ್ನು ಮಾತಿನ ಅಭ್ಯಾಸಕ್ಕೂ ಕೊಡಬೇಕು. ಅದು ಇಲಾಖೆಯ ದೊಡ್ಡ ಕೆಲಸ, ಕಾಲ ಹಿಡಿದೀತು. ಆದರೆ ಹೊಸ ತುಕಡಿ ಬಂದಿಳಿದ ದಿನವೇ ಊರಿನ ನಾಲ್ಕು ಮಂದಿ ಹಿರಿಯರನ್ನೂ ನಾಲ್ಕು ಮಂದಿ ತರುಣರನ್ನೂ ಕರೆದು ಅವರಿಗೆ ಪರಿಚಯ ಮಾಡಿಸುವುದಕ್ಕೆ ಬೆಂಗಳೂರಿನ ಆಜ್ಞೆ ಬೇಕಿಲ್ಲ. ಠಾಣೆಯ ಅಧಿಕಾರಿ ಮನಸ್ಸು ಮಾಡಿದರೆ ಅದು ಒಂದು ಸಂಜೆಯ ಕೆಲಸ.